ಕಳ್ಳನಿಗೂ ಬಹುವಚನ

ಭಾನುವಾರ, ಸೆಪ್ಟೆಂಬರ್ ೯

ಪ್ರೀತಿಯ ಪುಟ್ಟಿ,

ಅಕ್ಕನ ಆಶೀರ್ವಾದಗಳು. ನಾವಿಬ್ಬರೂ ಗಟ್ಟಿಮುಟ್ಟಾಗಿದ್ದೇವೆ. ನನ್ನ ಮಂಡಿ, ನಿನ್ನ ಭಾವನ ಕನ್ನಡಕ, ಇವೆರಡನ್ನು ಬಿಟ್ಟರೆ ಈ ಮನೆಯಲ್ಲಿ ದೂರು ಹೇಳುವಂಥದ್ದು ಏನೂ ಇಲ್ಲ. ಬರೆಯುತ್ತೇನೆ ಬರೆಯುತ್ತೇನೆ ಎನ್ನುತ್ತಲೇ ತಿಂಗಳು ಕಳೆದುಹೋಯಿತು, ಬೈಯಬೇಡ. ದಿನವಿಡೀ ಸೂಜಿ ಹಿಡಿಯುವ ಕೈಗೆ ಪೆನ್ನು ಒನಕೆಯಷ್ಟು ದಪ್ಪ ಅನ್ನಿಸುತ್ತದೆ. ಅಕ್ಷರ ಸೊಟ್ಟಗಿದ್ದರೆ ಹೊಲಿಗೆ ಅಂದುಕೊಂಡು ಓದಿಕೋ.

ಫೋನ್ ಇರುವಾಗ ಕಾಗದ ಯಾಕೆ, ಅದೂ ಮನೆಗೆ ಹಾಕದೆ ನಿನ್ನ ಲೈಬ್ರರಿಯ ವಿಳಾಸಕ್ಕೆ ಯಾಕೆ ಎಂದು ನೀನು ಹುಬ್ಬು ಏರಿಸಿರುತ್ತೀಯ. ಮನೆಗೆ ಹಾಕಿದರೆ ನಿಮ್ಮವರು ಮೊದಲು ಓದಿ ಆಮೇಲೆ ನಿನಗೆ ಕೊಡುತ್ತಾರೆ. ಫೋನಿನಲ್ಲಿ ಮಾತಾಡೋಣವೆಂದರೆ ನೀನು "ಹೂಂ", "ಆಯ್ತು", "ಎಲ್ಲ ಆರಾಮ" ಎಂಬ ಮೂರೇ ಮಾತು ಆಡುತ್ತೀಯ, ಯಾರೋ ಪಕ್ಕದಲ್ಲೇ ಕೂತು ಲೆಕ್ಕ ಇಟ್ಟುಕೊಳ್ಳುತ್ತಿದ್ದಾರೇನೋ ಎಂಬಂತೆ. ಆದ್ದರಿಂದ ಈ ಏರ್ಪಾಡು. ಪುಸ್ತಕದ ಕಪಾಟಿನ ಹಿಂದೆ ಕೂತು ನಿಧಾನವಾಗಿ ಓದು.

ಮೊದಲು ನಿನ್ನ ತೋಳು ಹೇಗಿದೆ ಹೇಳು. ಹೋದ ಸಲ ಬಂದಾಗ ಅಂಥ ಸೆಕೆಯಲ್ಲೂ ಉದ್ದ ತೋಳಿನ ಅಂಗಿ ಹಾಕಿಕೊಂಡಿದ್ದೆ. ಲೋಟ ತೊಳೆಯಲು ತೋಳು ಮಡಚಿದಾಗ ನೀಲಿಗಟ್ಟಿದ್ದು ಕಂಡಿತು. "ಬಸ್ಸಿನ ಬಾಗಿಲಿಗೆ ಸಿಕ್ಕಾಕೊಂತು ಕಣಕ್ಕಾ" ಅಂದೆ. ಅವತ್ತು ನನಗೆ ಬಸ್ಸಿನವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ವಾಸಿಯಾಯಿತೋ ಇಲ್ಲವೋ ಬರೆ. ಆ ವಿಷಯ ನನ್ನ ತಲೆಯಿಂದ ಹೋಗುತ್ತಲೇ ಇಲ್ಲ.

ಕಾಗದದ ಜೊತೆ ಒಂದು ಬಟ್ಟೆ ಚೀಲ ಕಳಿಸುತ್ತಿದ್ದೇನೆ. ಆಸ್ಪತ್ರೆಯ ಪರದೆ ಬದಲಾಯಿಸಿದಾಗ ಉಳಿದ ನೀಲಿ ಬಟ್ಟೆ. ಒಳಪದರಕ್ಕೆ ಅಸ್ತರಿ ಬಟ್ಟೆ ಇದೆ, ಹಿಡಿಕೆಗೆ ಎರಡು ಸುತ್ತು ಹೊಲಿಗೆ ಹಾಕಿದ್ದೇನೆ. ಎರಡು ದಪ್ಪ ನಿಘಂಟು ಹೊತ್ತರೂ ಕಿತ್ತುಬರುವುದಿಲ್ಲ.

ಈಗ ನನ್ನ ಸುದ್ದಿ. ಕೇಳಿದರೆ ನೀನು ನಂಬುವುದಿಲ್ಲ, ನಿನ್ನ ಅಕ್ಕ ಹೊಡೆದಾಟ ಕಲಿಯುತ್ತಿದ್ದಾಳೆ.

ನಗಬೇಡ. ನಮ್ಮ ಆಸ್ಪತ್ರೆಯ ಹಿಂಬಾಗಿಲಿನಿಂದ ಬಸ್ ಸ್ಟಾಪಿಗೆ ಹೋಗುವ ಓಣಿ ನೀನು ನೋಡಿದ್ದೀಯಲ್ಲ. ಒಂದು ಕಡೆ ಕಾಂಪೌಂಡ್ ಗೋಡೆ, ಇನ್ನೊಂದು ಕಡೆ ಬಾಗಿಲು ಮುಚ್ಚಿದ ಗೋದಾಮು. ಅಲ್ಲಿ ಒಬ್ಬ ಸೇರಿಕೊಂಡಿದ್ದ. ಸಂಜೆ ಪಾಳಿ ಮುಗಿಸಿ ಒಬ್ಬೊಬ್ಬರೇ ಹೋಗುವ ಹೆಂಗಸರ ಕೈ ಹಿಡಿದು ಎಳೆಯುವುದು, ಚೀಲ ಕಸಿಯುವುದು. ಒಬ್ಬ ನರ್ಸ್ ಹುಡುಗಿ ಬಿದ್ದು ಮೊಣಕೈ ತರಚಿಕೊಂಡಳು. ಆಫೀಸಿನವರು ಮಾಡಿದ್ದೇನು ಗೊತ್ತೇ? ಬೋರ್ಡಿಗೆ ಒಂದು ಚೀಟಿ ಅಂಟಿಸಿದರು: "ಮಹಿಳಾ ಸಿಬ್ಬಂದಿಯು ಗುಂಪಾಗಿ ಸಂಚರಿಸತಕ್ಕದ್ದು." ಸಂಚರಿಸತಕ್ಕದ್ದಂತೆ! ನಾವೇನು ಮೋಡಗಳೇ?

ಆಗ ಮುಂದೆ ಬಂದವಳು ನಮ್ಮ ಕೀಲಿನ ಡಾಕ್ಟರಮ್ಮ. ಬಿದ್ದವರಿಗೆ, ಮುರಿದುಕೊಂಡವರಿಗೆ ಕೈಕಾಲು ಆಡಿಸುವುದನ್ನು ಮತ್ತೆ ಕಲಿಸುವವಳು. ಕೀಲು ಯಾವ ಕಡೆ ಬಾಗುತ್ತದೆ, ಯಾವ ಕಡೆ ಬಾಗುವುದಿಲ್ಲ ಎಂಬುದೇ ಅವಳ ವಿದ್ಯೆ. ನನ್ನ ಮಗಳಿದ್ದಿದ್ದರೆ ಅಷ್ಟೇ ವಯಸ್ಸಾಗಿರುತ್ತಿತ್ತು, ಆದರೆ ಗತ್ತು ಮಾತ್ರ ಹೆಡ್‌ಮೇಷ್ಟ್ರದು. "ವಾರಕ್ಕೆ ಎರಡು ದಿನ ನನಗೆ ಜಾಗ ಕೊಡಿ, ಕಲಿಸ್ತೀನಿ" ಅಂದಳು. ಜಾಗ ಎಲ್ಲಿದೆ? ನನ್ನ ಬಟ್ಟೆ ಕೋಣೆಯಲ್ಲಿ! ನಡು ಸವೆದ ಚಾದರಗಳನ್ನು ಉದ್ದಕ್ಕೆ ಸೀಳಿ, ಗಟ್ಟಿ ಅಂಚುಗಳನ್ನು ನಡುವಿಗೆ ತಂದು ಜೋಡಿಸುತ್ತೇನಲ್ಲ, ಆ ದೊಡ್ಡ ಮೇಜನ್ನು ಗೋಡೆಗೆ ಸರಿಸಿದರೆ ಇಪ್ಪತ್ತು ಜನ ಕುಣಿಯಬಹುದು.

ಮೊದಲ ದಿನ ಎಲ್ಲರನ್ನೂ ನಿಲ್ಲಿಸಿ, "ನಿಮ್ಮ ನಿಮ್ಮ ಚೀಲದಲ್ಲಿ ಇರೋದನ್ನೆಲ್ಲ ಈ ಮೇಜಿನ ಮೇಲೆ ಸುರೀರಿ" ಅಂದಳು. ಅಯ್ಯೋ ಪುಟ್ಟಿ, ಆ ದೃಶ್ಯ ನೀನು ನೋಡಬೇಕಿತ್ತು. ಬಾಚಣಿಗೆ, ಪಿನ್ನು, ಮಾತ್ರೆಯ ಖಾಲಿ ಹಾಳೆ, ಅರ್ಧ ತಿಂದ ಬಿಸ್ಕತ್ತು, ಯಾವುದೋ ಮಗುವಿನ ಒಂಟಿ ಕಾಲುಚೀಲ. ಹಿರಿಯ ಸಿಸ್ಟರ್ ಚೀಲದಿಂದ ಪೌಡರ್ ಡಬ್ಬಿ. ವಾರ್ಡಿನಲ್ಲಿ ಅವರ ಹೆಸರು ಹೇಳಿದರೆ ರೋಗಿಗಳ ಜ್ವರವೇ ಇಳಿಯುತ್ತದೆ, ಆದರೆ ಚೀಲದಲ್ಲಿ ಗುಲಾಬಿ ವಾಸನೆಯ ಪೌಡರ್! ನನ್ನ ಚೀಲದಿಂದ ಕೊಡೆ, ಊಟದ ಡಬ್ಬಿ, ಬೀಗದ ಕೈ ಗೊಂಚಲು, ಬಿಳಿ ದಾರದ ಉಂಡೆ. ಆಸ್ಪತ್ರೆಯ ಅಡುಗೆಯಾಕೆ ಮಾತ್ರ ಹೆಮ್ಮೆಯಿಂದ ಲಟ್ಟಣಿಗೆ ಇಟ್ಟಳು.

"ಇದನ್ನ ದಿನಾ ಬಸ್ಸಲ್ಲಿ ತರ್ತೀರಾ?" ಅಂತ ಡಾಕ್ಟರಮ್ಮ ಕೇಳಿದಳು.

"ಇಲ್ಲ, ಇವತ್ತು ಕ್ಲಾಸಿದೆ ಅಂತ ತಂದೆ."

"ಕಳ್ಳ ಕ್ಲಾಸಿನ ದಿನ ನೋಡ್ಕೊಂಡು ಬರಲ್ಲಮ್ಮ. ದಿನಾ ನಿಮ್ಮ ಹತ್ರ ಏನಿರುತ್ತೋ ಅದೇ ನಿಮ್ಮ ಆಯುಧ."

ಹಾಗೆ ಶುರುವಾಯಿತು ನಮ್ಮ ಪಾಠ. ಕೊಡೆಯನ್ನು ದೊಣ್ಣೆಯಂತೆ ಬೀಸಬಾರದಂತೆ. ಬೀಸಿದರೆ ಅವನು ತುದಿ ಹಿಡಿದು ಕಿತ್ತುಕೊಳ್ಳುತ್ತಾನೆ. ಎರಡೂ ಕೈಯಲ್ಲಿ ಹಿಡಿದು ಹೊಟ್ಟೆಗೆ ತಿವಿಯಬೇಕು. ನೀರಿನ ಬಾಟಲಿ ತುಂಬಿದ್ದರೆ ಉಪಯೋಗಕ್ಕುಂಟು, ಖಾಲಿಯಾದರೆ ಬರೀ ಸದ್ದು. ಚೀಲವನ್ನು ಎದೆಗೆ ಅಡ್ಡ ಹಿಡಿಯಬೇಕು. ಅವನಿಗೆ ಚೀಲವೇ ಬೇಕಿದ್ದರೆ ಒಂದು ದಿಕ್ಕಿಗೆ ಎಸೆದು ಇನ್ನೊಂದು ದಿಕ್ಕಿಗೆ ನಾವು ಕಾಲಿಗೆ ಬುದ್ಧಿ ಹೇಳಬೇಕು. ಹಿರಿಯ ಸಿಸ್ಟರ್ "ಪೌಡರನ್ನ ಕಣ್ಣಿಗೆ ಊದಿದರೆ?" ಎಂದು ಕೇಳಿ, ಮಾಡಿಯೂ ತೋರಿಸಿದರು. ಮೇಲೆ ಫ್ಯಾನ್ ತಿರುಗುತ್ತಿತ್ತು. ಆಮೇಲೆ ನಾವು ಇಪ್ಪತ್ತು ಜನ ಬೆಳ್ಳಗೆ ನಿಂತಿದ್ದೆವು, ಒಗೆದ ಚಾದರಗಳಿಗೆಲ್ಲ ಗುಲಾಬಿ ವಾಸನೆ. ನಾನು ನಕ್ಕು ನಕ್ಕು ಮೇಜಿನ ಕೆಳಗೆ ಕೂತುಬಿಟ್ಟೆ.

ಬೀಗದ ಕೈ ವಿಷಯ ಕೇಳು. ನಾವೆಲ್ಲ ಜಾಣೆಯರಂತೆ ಬೆರಳ ಸಂದಿಗಳಲ್ಲಿ ಒಂದೊಂದು ಸಿಕ್ಕಿಸಿ ಮುಷ್ಟಿ ಮಾಡಿ ತೋರಿಸಿದೆವು. ಡಾಕ್ಟರಮ್ಮ ತಲೆ ಚಚ್ಚಿಕೊಂಡಳು. "ಹೀಗೆ ಹೊಡೆದರೆ ಮುರಿಯೋದು ನಿಮ್ಮದೇ ಬೆರಳು. ಮಾರನೇ ದಿನ ನನ್ನ ಹತ್ರವೇ ಬರ್ತೀರ. ಬೀಗದ ಕೈ ಹೊಡೆಯೋಕಲ್ಲ. ಮನೆ ಹತ್ರ ಬರೋ ಮೊದಲೇ ಕೈಯಲ್ಲಿ ಹಿಡ್ಕೊಂಡಿರಿ. ಬಾಗಿಲ ಮುಂದೆ ನಿಂತು ಚೀಲ ತಡಕಾಡಬಾರದು, ಹಾಕಿ ತಿರುಗಿಸಿ ಒಳಗೆ ಹೋಗ್ಬೇಕು. ನಾನು ಕಲಿಸೋದೆಲ್ಲ ಗೆಲ್ಲೋಕಲ್ಲ, ಒಂದು ಬಾಗಿಲು ತಲುಪೋಕೆ."

ಇದನ್ನು ನಿನ್ನ ಭಾವನಿಗೆ ಹೇಳಿದರೆ ಅವರಿಗೆ ಖುಷಿಯೋ ಖುಷಿ. ಆಯುಷ್ಯವೆಲ್ಲ ಬೀಗ ರಿಪೇರಿ ಮಾಡಿಕೊಂಡು, ಬೀಗದ ಕೈ ಅರದಲ್ಲಿ ಉಜ್ಜಿಕೊಂಡು ಬಂದವರು. "ಆ ಹುಡುಗಿಗೆ ನಮ್ಮ ಕಸುಬು ಗೊತ್ತು ಕಣೇ" ಎಂದು ಎರಡು ದಿನ ಹೇಳಿದ್ದೇ ಹೇಳಿದ್ದು.

ನಿಜವಾದ ತಮಾಷೆ ನಡೆದದ್ದು ಮೂರನೇ ಕ್ಲಾಸಿನಲ್ಲಿ. ಕಳ್ಳನ ಪಾತ್ರಕ್ಕೆ ಆಂಬುಲೆನ್ಸ್ ಅಣ್ಣನನ್ನು ಕರೆದಿದ್ದಳು. ಆಂಬುಲೆನ್ಸ್ ಓಡಿಸುವ ಆ ದೊಡ್ಡ ಆಳು, ಇರುವೆ ತುಳಿದರೂ ಕ್ಷಮೆ ಕೇಳುವಂಥವನು. ಹೊಟ್ಟೆಗೆ ದಿಂಬು ಕಟ್ಟಿಕೊಂಡು ನಾಚಿಕೊಂಡು ನಿಂತಿದ್ದ. ಅವನು ಬಂದು ಮುಂಗೈ ಹಿಡಿಯಬೇಕು, ನಾವು ಜೋರಾಗಿ "ಬಿಡು" ಎಂದು ಕಿರುಚಿ ಬಿಡಿಸಿಕೊಳ್ಳಬೇಕು. ಮೊದಲು ಹೋದದ್ದು ಹಿರಿಯ ಸಿಸ್ಟರ್. ಕೈ ಹಿಡಿದ. ಸಿಸ್ಟರ್ ಬಾಯಿಂದ ಬಂದದ್ದು, "ಬಿಡಿ ಅಣ್ಣ." ಅಡುಗೆಯಾಕೆಯದು, "ಅಯ್ಯೋ ಬಿಡೀಪ್ಪ, ಹಾಲು ಉಕ್ಕುತ್ತೆ." ನನ್ನ ಸರದಿ ಬಂತು. ಅಷ್ಟೊತ್ತು ನಗುತ್ತಿದ್ದವಳು ನಾನೂ "ಬಿಡ್ರಿ" ಎಂದೆ. ಅದೂ ಎಂಥ ದನಿ! ಬಾಗಿಲ ಹಿಂದೆ ನಿಂತು ಸಾಲ ಕೇಳುವವರ ಹಾಗೆ.

ಡಾಕ್ಟರಮ್ಮ ಸೊಂಟದ ಮೇಲೆ ಕೈ ಇಟ್ಟು, "ಅಮ್ಮಾ, ಕಳ್ಳನಿಗೂ ಬಹುವಚನ ಯಾಕ್ರೀ? ದಯವಿಟ್ಟು ಏಕವಚನಕ್ಕೆ ಇಳೀರಿ" ಅಂದಳು.

"ಅಭ್ಯಾಸ ಇಲ್ಲಮ್ಮ" ಎಂದರು ಸಿಸ್ಟರ್.

"ಮಾಡ್ಕೊಳ್ಳಿ. ಎಲ್ಲರೂ ಹೇಳಿ, ಬಿಡೋ!"

ನಾವೆಲ್ಲ "ಬಿಡೋ" ಅಂದೆವು, ಯಾರದೋ ಮಗುವನ್ನು ಮುದ್ದು ಮಾಡುವ ಹಾಗೆ. ಇನ್ನೊಂದು ಸಲ, ಮತ್ತೊಂದು ಸಲ. ಕೊನೆಗೆ ಬಂದ ಸದ್ದಿಗೆ ಪಕ್ಕದ ಎಕ್ಸ್‌ರೇ ಕೋಣೆಯವರು ಓಡಿ ಬಂದರು. ಆಂಬುಲೆನ್ಸ್ ಅಣ್ಣ ಮಾತ್ರ ಮುಖ ಸಪ್ಪಗೆ ಮಾಡಿಕೊಂಡು, "ನಾಳೆಯಿಂದ ನನಗೆ ಬಹುವಚನ ವಾಪಸ್ ಕೊಡ್ತೀರ ತಾನೇ?" ಎಂದು ಕೇಳಿದ.

ಈಗ ನಿನಗೂ ಕಲಿಸುತ್ತೇನೆ, ಗಮನವಿಟ್ಟು ಓದು. ಯಾರಾದರೂ ಮುಂಗೈ ಹಿಡಿದರೆ ನಮ್ಮ ಮೊದಲ ಬುದ್ಧಿ ಹಿಂದಕ್ಕೆ ಎಳೆಯುವುದು. ತಪ್ಪು. ಎಳೆದಷ್ಟೂ ಬಿಗಿಯಾಗುತ್ತದೆ. ಹಿಡಿತದಲ್ಲಿ ಬಾಗಿಲಿರುವುದು ಹೆಬ್ಬೆರಳ ಹತ್ತಿರ. ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಒಂದೇ ಇನ್ನೊಂದು ಕಡೆ, ನಡುವೆ ಸಂದು. ನಿನ್ನ ಮುಂಗೈಯನ್ನು ತಿರುಗಿಸಿ ಅದರ ಸಣ್ಣ ಅಂಚನ್ನು ಆ ಸಂದಿಗೆ ತಾ. ಮೊಣಕೈ ಮಡಚು. ಹಿಂದಕ್ಕಲ್ಲ, ಒಂದು ಹೆಜ್ಜೆ ಮುಂದಕ್ಕೆ, ಅವನ ಕಡೆಗೇ ಇಡು. ಜಾರಿ ಬರುತ್ತದೆ.

ಮನೆಯಲ್ಲಿ ನಿನ್ನ ಭಾವನ ಮೇಲೆ ಅಭ್ಯಾಸ ಮಾಡುತ್ತೇನೆ. "ಹಿಡೀರಿ" ಎನ್ನುತ್ತೇನೆ, ಹಿಡಿಯುತ್ತಾರೆ. "ಗಟ್ಟಿಯಾಗಿ ಹಿಡೀರಿ, ನಾನೇನು ಗಾಜಿನ ಬಳೆಯೇ" ಎಂದರೂ ಹಗುರವಾಗಿಯೇ ಹಿಡಿಯುವುದು. ನಿನ್ನೆ ಒಂದು ಸಲ ಬಿಡಿಸಿಕೊಂಡ ರಭಸಕ್ಕೆ ಅವರ ಕನ್ನಡಕ ಹಾರಿ ಹಿಟ್ಟಿನ ಡಬ್ಬಕ್ಕೆ ಬಿತ್ತು. "ಇವಳೇ, ಬೀಗ ತೆಗೆಯೋಕೆ ಹೇಳಿದರೆ ಬಾಗಿಲೇ ಕೀಳ್ತೀಯಲ್ಲ" ಎಂದು ನಕ್ಕರು.

ಒಂದು ಮಾತು ಬರೆಯಲೋ ಬೇಡವೋ ಎಂದು ಯೋಚಿಸಿದೆ, ಬರೆದೇಬಿಡುತ್ತೇನೆ. ಶುಕ್ರವಾರದ ಕ್ಲಾಸಿನಲ್ಲಿ ಆಂಬುಲೆನ್ಸ್ ಅಣ್ಣ ನನ್ನ ಮಾತಿಗೆ ನಿಜವಾಗಿಯೂ ಗಟ್ಟಿಯಾಗಿ ಹಿಡಿದ. ಮನೆಗೆ ಬಂದು ತೋಳು ಮಡಚಿ ನೋಡಿದರೆ ನೀಲಿ. ಒಂದು ಕಡೆ ನಾಲ್ಕು ಗುರುತು, ಇನ್ನೊಂದು ಕಡೆ ಒಂದು. ಲೋಟ ತೊಳೆಯುತ್ತಿದ್ದ ನಿನ್ನ ತೋಳು ಕಣ್ಣ ಮುಂದೆ ಬಂತು. ನಿನ್ನ ಭಾವನೂ ನೋಡಿದರು. ತಕ್ಷಣ ಎದ್ದು ಅಂಗಡಿಗೆ ಹೋದರು. ಬಸ್ಸಿನ ಬಾಗಿಲಿಗೆ ಬೆರಳು ಇರುತ್ತವೆಯೇ ಪುಟ್ಟಿ?

ಇರಲಿ, ಅವರು ಕಾಫಿಗೆ ಕೂಗುತ್ತಿದ್ದಾರೆ. ನಾಳೆ ಮುಂದುವರಿಸುತ್ತೇನೆ.

ಬುಧವಾರ, ಬಟ್ಟೆ ಕೋಣೆಯಿಂದ, ಊಟದ ಬಿಡುವಿನಲ್ಲಿ

ನಾಳೆ ಅಂದದ್ದು ಬುಧವಾರವಾಯಿತು. ನಡುವೆ ಒಂದು ದೊಡ್ಡ ಪ್ರಸಂಗವೇ ನಡೆದುಹೋಯಿತು ಕಣೇ. ಗಾಬರಿಯಾಗಬೇಡ, ನನಗೇನೂ ಆಗಿಲ್ಲ, ಕೂತು ಬರೆಯುತ್ತಿದ್ದೇನೆ ಅಂದ ಮೇಲೆ ಗೊತ್ತಾಯಿತಲ್ಲ.

ಸೋಮವಾರ ಸಂಜೆ. ಇನ್ನೂ ಬೆಳಕಿತ್ತು. ಜೊತೆಗೆ ಬರುವ ಹಿರಿಯ ಸಿಸ್ಟರ್ ರಜೆ ಹಾಕಿದ್ದರು. ಇಷ್ಟು ದೂರ ತಾನೇ ಎಂದು ಒಬ್ಬಳೇ ಹೊರಟೆ. ಎಡಗೈ ಖಾಲಿ, ಬಲಗೈಯಲ್ಲಿ ಊಟದ ಡಬ್ಬಿಯ ಕೈಚೀಲ, ಭುಜದಲ್ಲಿ ಇನ್ನೊಂದು ಚೀಲ. ಗೋದಾಮಿನ ಹತ್ತಿರ ಬರುವಷ್ಟರಲ್ಲಿ ಹಿಂದಿನಿಂದ ಯಾರೋ ನನ್ನ ಎಡ ಮುಂಗೈ ಹಿಡಿದರು.

ಕಲಿತ ವಿದ್ಯೆಯೆಲ್ಲ ಚೀಲದ ತಳದಲ್ಲಿ! ಕೊಡೆ ಶಾಲಿನ ಕೆಳಗೆ, ಬೀಗದ ಕೈ ಬಾಚಣಿಗೆಯ ಕೆಳಗೆ, ಬುದ್ಧಿ ಎಲ್ಲಿತ್ತೋ ದೇವರೇ ಬಲ್ಲ. ಬಾಯಿ ತೆರೆದೆ. ಏನು ಬಂತು ಗೊತ್ತೇ?

"ಬಿಡ್ರಿ."

ಅದೇ ದನಿ. ಸಣ್ಣದು, ಕ್ಷಮೆ ಕೇಳುವಂಥದ್ದು. ತಪ್ಪು ಮಾಡಿದ್ದು ನಾನೇ ಏನೋ, ಅವರಿಗೆ ತೊಂದರೆ ಕೊಟ್ಟೆನೇನೋ ಎಂಬಂತೆ. ಅವನು ನಕ್ಕ ಪುಟ್ಟಿ. ಇನ್ನೂ ಬಿಗಿ ಮಾಡಿದ. ಆ ನಗು ಕೇಳಿದ್ದೇ ನನಗೆ ಅವನ ಮೇಲಲ್ಲ, ಮೊದಲು ನನ್ನ ಆ ದನಿಯ ಮೇಲೆ ಸಿಟ್ಟು ನೆತ್ತಿಗೇರಿತು. ಕಳ್ಳನಿಗೂ ಬಹುವಚನ ಯಾಕ್ರೀ ಎಂದ ಹಾಗಾಯಿತು ಕಿವಿಯಲ್ಲಿ.

"ಬಿಡೋ ಲೋ!"

ಆ ದನಿ ಎಲ್ಲಿತ್ತೋ ನನಗೆ ಗೊತ್ತಿಲ್ಲ. ಗೋದಾಮಿನ ಮಾಡಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದವು. ತಿರುಗಿ ಅವನ ಕಡೆಗೇ ಒಂದು ಹೆಜ್ಜೆ ಇಟ್ಟೆ, ಮೊಣಕೈ ಮಡಚಿದೆ, ಹೆಬ್ಬೆರಳ ಸಂದಿಯಿಂದ ಕೈ ಜಾರಿ ಬಂತು, ಕ್ಲಾಸಿನಲ್ಲಿ ಬಂದ ಹಾಗೆಯೇ. ಅಷ್ಟರಲ್ಲಿ ಬಲಗೈ ತನ್ನಷ್ಟಕ್ಕೆ ತಾನೇ ತಿರುಗಿ ಬಂದಿತ್ತು, ಸ್ಟೀಲ್ ಡಬ್ಬಿ ಸಮೇತ. ಅವನ ಮೊಣಕೈಗೆ ಠಣ್ ಎಂದು ಬಿತ್ತು. ಮುಚ್ಚಳ ಹಾರಿ, ಮಧ್ಯಾಹ್ನ ಮಿಕ್ಕಿದ್ದೆಲ್ಲ ಅವನ ಅಂಗಿಯ ಮೇಲೆ. ಅವನು "ಅಮ್ಮಾ" ಎಂದ. ಆಮೇಲೆ ಒಂದು ಚಪ್ಪಲಿ ಅಲ್ಲೇ ಬಿಟ್ಟು ಓಡಿದ. ನಾನು ನೋಡುತ್ತಾ ನಿಲ್ಲಲಿಲ್ಲ, ಡಾಕ್ಟರಮ್ಮ ಹೇಳಿದ ಹಾಗೆ ಆಸ್ಪತ್ರೆಯ ಬಾಗಿಲ ಕಡೆಗೆ ಓಟ ಕಿತ್ತೆ. ಈ ಮಂಡಿಯಲ್ಲಿ ಅಷ್ಟು ಓಟ ಉಳಿದಿತ್ತೆಂದು ಗೊತ್ತಿರಲಿಲ್ಲ.

ಗೇಟಿನಲ್ಲಿ ಎದುರಾದದ್ದು ಆಂಬುಲೆನ್ಸ್ ಅಣ್ಣ. ಸ್ಟ್ರೆಚರ್ ತಳ್ಳಿಕೊಂಡು ಬರುತ್ತಿದ್ದ.

"ಎಲ್ಲಿ? ಯಾರು ಬಿದ್ದಿದ್ದು?"

"ಯಾರೂ ಬಿದ್ದಿಲ್ಲಪ್ಪ."

"ಮತ್ತೆ ಅಷ್ಟು ಜೋರಾಗಿ ಕಿರುಚಿದ್ದು ಯಾರು?"

"ನಾನೇ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವಾ? ಸುಮ್ನಿರಿ ಅಕ್ಕ" ಎಂದ. ಕೊನೆಗೆ ಆ ಸ್ಟ್ರೆಚರ್ ಮೇಲೆ ನನ್ನನ್ನೇ ಕೂರಿಸಿ ಒಳಗೆ ತಳ್ಳಿಕೊಂಡು ಹೋದ.

ಡಾಕ್ಟರಮ್ಮನೇ ಓಣಿಯಲ್ಲಿ ಬಿದ್ದಿದ್ದ ಚಪ್ಪಲಿ ಎತ್ತಿಕೊಂಡು ಠಾಣೆಗೆ ಜೊತೆಗೆ ಬಂದಳು. ಅಲ್ಲಿನವರು ಆ ಚಪ್ಪಲಿಯನ್ನು ಒಂದು ಕವರಿಗೆ ಹಾಕಿ ಅದರ ಮೇಲೆ ನನ್ನ ಹೆಸರು ಬರೆದುಕೊಂಡರು. ಈ ವಯಸ್ಸಿನಲ್ಲಿ ನನ್ನ ಹೆಸರಿಗೆ ಆಸ್ತಿ ಅಂತ ಬಂದದ್ದು ಒಂದು ಒಂಟಿ ಚಪ್ಪಲಿ. ನಿನ್ನೆ ಅವನು ಸಿಕ್ಕಿಬಿದ್ದನಂತೆ, ಮೊಣಕೈಗೆ ಪಟ್ಟಿ ಕಟ್ಟಿಸಿಕೊಳ್ಳಲು ನಮ್ಮ ಆಸ್ಪತ್ರೆಗೇ ಬಂದಿದ್ದ ಮಹಾನುಭಾವ! ಹಿರಿಯ ಸಿಸ್ಟರ್ ಪಟ್ಟಿ ಕಟ್ಟುತ್ತಲೇ, "ಹೇಗಾಯ್ತೋ ಇದು?" ಎಂದು ಏಕವಚನದಲ್ಲಿ ವಿಚಾರಿಸಿಕೊಂಡರಂತೆ, ಅಷ್ಟರಲ್ಲಿ ಆಂಬುಲೆನ್ಸ್ ಅಣ್ಣ ಬಾಗಿಲಿಗೆ ಅಡ್ಡ ನಿಂತಿದ್ದನಂತೆ. ಈಗ ಓಣಿಗೆ ಎರಡು ದೀಪ ಹಾಕಿದ್ದಾರೆ. ಸಂಚರಿಸತಕ್ಕದ್ದು ಎಂಬ ಚೀಟಿಯನ್ನು ಯಾರೋ ಕಿತ್ತುಹಾಕಿದ್ದಾರೆ. ಯಾರೆಂದು ನನ್ನನ್ನು ಕೇಳಬೇಡ.

ಸೋಮವಾರ ಮನೆಗೆ ಬಂದಾಗ ಮಾತ್ರ ಕೈ ನಡುಕ ನಿಲ್ಲಲಿಲ್ಲ. ಮಂಗಳವಾರ ಸೂಜಿಗೆ ದಾರ ಪೋಣಿಸಲು ಹೋದರೆ ಆಗಲೇ ಇಲ್ಲ. ಗೆದ್ದು ಬಂದವಳಿಗೆ ಈ ನಡುಕ ಯಾಕೆ ಎಂದು ನಾಚಿಕೆಯಾಯಿತು. "ಮೈಗೆ ಈಗ ಗೊತ್ತಾಗಿದೆ, ಅದಕ್ಕೆ. ನಡುಗಲಿ ಬಿಡಿ" ಎಂದಳು ಡಾಕ್ಟರಮ್ಮ. ನಿನ್ನ ಭಾವ ಕೆಲಸ ಬಿಡು ಎನ್ನುತ್ತಾರೇನೋ ಎಂದು ಹೆದರಿದ್ದೆ. ಅವರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ತಗ್ಗು ಬಿದ್ದಿದೆ. ತಟ್ಟಿ ಸರಿ ಮಾಡ್ಲಾ, ಹಾಗೇ ಇರಲಾ?" ಎಂದು ಕೇಳಿದರು. ಹಾಗೇ ಇರಲಿ ಎಂದೆ. ಇವತ್ತು ಬೆಳಿಗ್ಗೆ ಸೂಜಿಗೆ ದಾರ ಒಂದೇ ಸಲಕ್ಕೆ ಹೋಯಿತು.

ಇನ್ನೊಂದು ಸುದ್ದಿ. ನಿನ್ನ ಭಾವ ಮನೆಗೆ ಅಂಟಿದ ಅಂಗಡಿಯ ಹಿಂದಿನ ಕೋಣೆ ಖಾಲಿ ಮಾಡಿದ್ದಾರೆ. ಹೌದು, ಹಳೇ ಬೀಗಗಳ ಆ ಪೆಟ್ಟಿಗೆಗಳನ್ನೆಲ್ಲ! ನಾನು ಪೊರಕೆ ಹಿಡಿದು ಆ ಕಡೆ ಹೋದರೂ ಗುರ್ ಎನ್ನುತ್ತಿದ್ದವರು ತಾವೇ ಎತ್ತಿ ಅಟ್ಟಕ್ಕೆ ಹಾಕಿದರು. ಗೋಡೆಗೆ ಸುಣ್ಣ ಬಳಿದರು. ಮಂಚ ಹಾಕಿದ್ದೇವೆ. ಕಿಟಕಿಗೆ ನಾನು ಪರದೆ ಹೊಲಿದೆ, ನಿನ್ನ ಚೀಲದ ಬಟ್ಟೆಯದೇ. ಬೆಳಿಗ್ಗೆ ಬಿಸಿಲು ಚೆನ್ನಾಗಿ ಬೀಳುತ್ತದೆ, ಕೂತು ಓದುವವರಿಗೆ ಹೇಳಿಮಾಡಿಸಿದ ಜಾಗ.

ಬಿಡುವು ಮುಗಿಯಿತು, ಚಾದರದ ಗಂಟು ಬಂದು ಬಿದ್ದಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಉದ್ದ ತೋಳು ಸಾಕು, ಸೆಕೆಯಲ್ಲಿ ಬೇಯಬೇಡ. ನೀನು ನೂರು ಕಾಲ ಚೆನ್ನಾಗಿರು, ನಿನ್ನ ಪುಸ್ತಕಗಳು ಚೆನ್ನಾಗಿರಲಿ, ನಿನ್ನ ದನಿ ಗಟ್ಟಿಯಾಗಲಿ.

ಇಂತಿ ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸುವ ಮೊದಲು ಬರೆಯಲೇಬೇಕು. ಇಷ್ಟು ಹಾಳೆ ಬರೆದದ್ದೇ ಇದನ್ನು ಬರೆಯುವ ಧೈರ್ಯ ಬರಲಿ ಎಂದು.

ಓಣಿಯಲ್ಲಿ ನನ್ನ ಬಾಯಿಂದ "ಬಿಡ್ರಿ" ಎಂದು ಬಂತಲ್ಲ, ಆ ದನಿ ನನ್ನದಲ್ಲ ಪುಟ್ಟಿ. ಅದು ನಿನ್ನದು. ಹೋದ ತಿಂಗಳು ನಾನು ಫೋನ್ ಮಾಡಿದಾಗ ನೀನು "ಒಂದ್ನಿಮಿಷ ಅಕ್ಕ" ಎಂದು ಫೋನ್ ಕೆಳಗಿಟ್ಟೆ. ಅದು ಆಫ್ ಆಗಿರಲಿಲ್ಲ. "ಬಿಡ್ರಿ, ಅಕ್ಕ ಫೋನಲ್ಲಿದಾಳೆ, ಬಿಡ್ರಿ" ಎಂದೆ. ಗಂಡ ಹೆಂಡತಿಯ ಸರಸ ಎಂದುಕೊಂಡು ನಾನು ನಕ್ಕೊಂಡು ಕಾದೆ. ಸೋಮವಾರ ಅದೇ ದನಿ ನನ್ನ ಗಂಟಲಿನಿಂದ ಬಂದಾಗ ಗೊತ್ತಾಯಿತು. ಸರಸಕ್ಕೆ ಆ ದನಿ ಬರುವುದಿಲ್ಲ.

ಇಷ್ಟು ವರ್ಷ ಅವರು, ಇವರು, ನಿಮ್ಮವರು ಎಂದೆ. ಮೊದಲ ಹಾಳೆಯಲ್ಲೂ ಹಾಗೆಯೇ ಬರೆದಿದ್ದೇನೆ, ಹೊಡೆದುಹಾಕುವುದಿಲ್ಲ, ಅದು ಭಾನುವಾರದ ಮಾತು. ಇನ್ನು ಅವನು. ನಿನ್ನ ಭಾವನಿಗೆ ನಾನು ಬಹುವಚನ ಕೊಡುತ್ತೇನೆ, ಅವರು ಅದಕ್ಕೆ ಲಾಯಕ್ಕಾದವರು. ಇವನು ಅಲ್ಲ.

ಡಾಕ್ಟರಮ್ಮನಿಗೆ ನಿನ್ನ ಹೆಸರು ಹೇಳಲಿಲ್ಲ. ಗೊತ್ತಿರುವವಳೊಬ್ಬಳು, ಓಣಿಯಲ್ಲಲ್ಲ, ಮನೆಯಲ್ಲಿ ಎಂದೆ. ಕೊಡೆ, ಬಾಟಲಿ, ಡಬ್ಬಿ ಯಾವುದು ಹೇಳಿಕೊಡಲಿ ಎಂದು ಕೇಳಿದೆ. ಅವಳು, "ಓಣಿಯವನು ಓಡಿಹೋಗ್ತಾನೆ, ಮನೆಯವನು ಹೋಗಲ್ಲ. ಅವರನ್ನ ಹೊಡೆದಾಟಕ್ಕೆ ಕಳಿಸಬೇಡಿ. ಅವರಿಗೆ ಹೋಗೋಕೆ ಒಂದು ಬಾಗಿಲು ಇದೆಯಾ, ಅದು ಹೇಳಿ" ಎಂದಳು. ಇದೆ ಎಂದೆ.

ಚೀಲದ ಅಸ್ತರಿಯ ಎಡಗಡೆಯ ಮೂಲೆ ಮುಟ್ಟಿ ನೋಡು. ಭಾನುವಾರ ಅದು ಬರೀ ಚೀಲವಾಗಿತ್ತು, ಇವತ್ತು ಬೆಳಿಗ್ಗೆ ಬಿಚ್ಚಿ ಮತ್ತೆ ಹೊಲಿದೆ. ಬಿಳಿ ದಾರದ ಸಡಿಲ ಹೊಲಿಗೆ ಇದೆ, ತುದಿ ಹಿಡಿದು ಎಳೆದರೆ ಸಾಕು, ಬಿಚ್ಚಿಕೊಳ್ಳುತ್ತದೆ. ಒಳಗಿರುವುದು ನಮ್ಮ ಮನೆಯ ಬೀಗದ ಕೈ. ಸೋಮವಾರ ನಾನು ಆ "ಬಿಡ್ರಿ" ವಿಷಯ ಹೇಳಿದ ಕೂಡಲೇ ನಿನ್ನ ಭಾವ ಅಂಗಡಿ ಬಾಗಿಲು ತೆಗೆದು ಕೂತು ಮಾಡಿದ್ದು. ಹಲ್ಲುಗಳ ಅಂಚನ್ನು ನುಣ್ಣಗೆ ಉಜ್ಜಿದ್ದಾರೆ, ಪುಟ್ಟಿಯ ಕೈಗೆ ತರಚಬಾರದು ಎಂದು.

ಅದನ್ನು ಬೆರಳ ಸಂದಿಯಲ್ಲಿ ಹಿಡಿಯಬೇಡ. ಅವನಿಗೆ ಹೇಳಿ ಬರಬೇಡ. ಲೈಬ್ರರಿಗೆ ಹೊರಟ ಹಾಗೆ ಹೊರಡು, ಚೀಲದಲ್ಲಿ ಏನು ಹಿಡಿಸುತ್ತದೋ ಅಷ್ಟು ಸಾಕು, ಮಿಕ್ಕಿದ್ದು ನಾನು ಹೊಲಿದುಕೊಡುತ್ತೇನೆ. ಬಂದು ಬೆಲ್ ಒತ್ತಬೇಡ, ಅಕ್ಕಾ ಇದೀಯಾ ಎಂದು ಕೇಳಬೇಡ. ನಮ್ಮ ಬೀಗ ಸ್ವಲ್ಪ ಮೊಂಡು. ಬಾಗಿಲನ್ನು ಒಂಚೂರು ನಿನ್ನ ಕಡೆಗೆ ಎಳೆದುಕೊಂಡು, ಎಡಕ್ಕೆ ತಿರುಗಿಸು.